ಗೋಡೆ ತಡೆದ ನೀರು

ಚನ್ನವೀರ ಕೇಳಿದ: "ಗುರುಗಳೇ, ಇಂಗ್ಲಿಷ್ ಪಾಠದಲ್ಲಿ 'ಐರಾನಿಕಲಿ' ಎಂಬ ಪದ ಬಂದಿದೆ. 'ವಿಪರ್ಯಾಸವೆಂಬಂತೆ' ಎಂದು ನಿಘಂಟು ಅರ್ಥ ಕೊಡುತ್ತದೆ. ಕೆಟ್ಟದ್ದು ನಡೆದಾಗಲೆಲ್ಲ ಜನ ಅದನ್ನೇ ಹೇಳುತ್ತಾರೆ. ನಿಜವಾಗಿ ಅದನ್ನು ಎಲ್ಲಿ ಬಳಸಬೇಕು?"

ಗುರುಗಳು ಹೇಳಿದರು:

"ಹೊಳೆಯ ದಂಡೆಯ ಊರೊಂದರಲ್ಲಿ ಒಬ್ಬ ಗೌಂಡಿ ಇದ್ದ. ಒಂದು ವರ್ಷ ಹೊಳೆ ಉಕ್ಕಿ ಊರಿಗೆ ನುಗ್ಗಿತು. ಅವನ ತಂಗಿ ಕೊಚ್ಚಿಹೋದಳು. ಇನ್ನು ಈ ಊರಿನ ಒಬ್ಬರನ್ನೂ ಹೊಳೆಗೆ ಕೊಡುವುದಿಲ್ಲ ಎಂದು ಅವನು ದಂಡೆಯುದ್ದಕ್ಕೂ ಕಲ್ಲಿನ ಗೋಡೆ ಕಟ್ಟಲು ನಿಂತ. ಹಗಲು ಕೂಲಿ, ಸಂಜೆ ಗೋಡೆ. ಮೊದಲು ನಕ್ಕವರು ಆಮೇಲೆ ಕಲ್ಲು ಹೊತ್ತರು. ಎಂಟು ವರ್ಷಕ್ಕೆ ಗೋಡೆ ಮುಗಿಯಿತು. ಅದಾದ ಮೇಲೆ ಹೊಳೆ ಎರಡು ಸಲ ಉಕ್ಕಿತು. ಒಂದು ಹನಿಯೂ ಒಳಗೆ ಬರಲಿಲ್ಲ.

ಮರುವರ್ಷ ಊರಿನ ಹಿಂದಿನ ಗುಡ್ಡದ ಮೇಲೆ ಮಳೆ ಸುರಿಯಿತು. ಗುಡ್ಡದ ನೀರು ಊರಿಗಿಳಿಯಿತು. ಹೊಳೆ ಇನ್ನೂ ಕೆಳಮಟ್ಟದಲ್ಲೇ ಹರಿಯುತ್ತಿತ್ತು. ಅಲ್ಲಿಗೆ ಹೋಗಬೇಕಾದ ನೀರನ್ನು ಗೋಡೆ ತಡೆಯಿತು. ಮಧ್ಯಾಹ್ನದ ಹೊತ್ತಿಗೆ ಮನೆಗಳಲ್ಲಿ ಎದೆಮಟ್ಟ ನೀರು. ಜನ ಮಕ್ಕಳನ್ನು ಎತ್ತಿಕೊಂಡು ಗೋಡೆ ಹತ್ತಿ ನಿಂತರು. ನಡೆಯಲಾರದ ಮುದುಕರು ಅಟ್ಟದ ಮೇಲೆ ಉಳಿದರು.

ಶಾನುಭೋಗ ಹೇಳಿದ: 'ಎಂಥ ವಿಪರ್ಯಾಸ! ಕಾಯಲು ಕಟ್ಟಿದ ಗೋಡೆಯೇ ನಮ್ಮನ್ನು ಮುಳುಗಿಸುತ್ತಿದೆ.' ಎಲ್ಲರೂ ಹೌದೆಂದರು.

ಗೌಂಡಿ ಹಾರೆ ಹಿಡಿದು ಬಂದ.

'ಎಂಟು ವರ್ಷದ ಕೆಲಸವಯ್ಯಾ! ಒಡೆಯುತ್ತೀಯಾ?' ಎಂದ ಶಾನುಭೋಗ.

'ಕಟ್ಟಿದವನು ನಾನು. ಯಾವ ಕಲ್ಲನ್ನು ಮೊದಲು ಕೀಳಬೇಕೆಂದು ನನಗೆ ಗೊತ್ತಿದೆ. ಆಚೆ ಸರಿಯಿರಿ, ಸ್ವಾಮಿ.'

ಅವನ ಹಾರೆ ನಿಲ್ಲಲಿಲ್ಲ. ಒಂದೊಂದೇ ಕಲ್ಲು ಹೊಳೆಯ ಕಡೆಗೆ ಉರುಳಿತು. ಸಂಜೆಯೊಳಗೆ ನೀರು ಇಳಿಯಿತು. ಅಟ್ಟದ ಮೇಲಿದ್ದವರೆಲ್ಲ ಬದುಕಿದರು. ಮರುದಿನ ಬೆಳಿಗ್ಗೆ ಅವನು ಹೊಳೆಗಿಳಿದು ಆ ಕಲ್ಲುಗಳನ್ನೇ ಹೊತ್ತು ತಂದು, ಒಡೆದ ಜಾಗದಲ್ಲಿ ಮತ್ತೆ ಕಟ್ಟತೊಡಗಿದ."

ಚನ್ನವೀರ ಕೇಳಿದ: "ಗೋಡೆ ಬಿದ್ದು ಊರು ಮುಳುಗಿದ್ದರೆ ಆ ಪದ ಸಲ್ಲುತ್ತಿತ್ತೇ?"

"ಇಲ್ಲ. ಅದು ಬರೀ ದುರದೃಷ್ಟವಾಗುತ್ತಿತ್ತು. ಗೋಡೆ ಗಟ್ಟಿಯಾಗಿ ನಿಂತದ್ದರಿಂದಲೇ ಊರು ಮುಳುಗಿತಲ್ಲ, ನಿನ್ನ ಪದ ಸಲ್ಲುವುದು ಅಲ್ಲಿ."

"ಹಾಗಾದರೆ ಗೌಂಡಿಯೂ ಅದನ್ನು ವಿಪರ್ಯಾಸ ಎಂದೇ ಕರೆದನೇ?"

ಗುರುಗಳು ಹೇಳಿದರು: "ಅವನು ಅದಕ್ಕೆ ಹೆಸರಿಡಲಿಲ್ಲ, ಊರ ನೀರು ಹೊರಹೋಗಲು ಗೋಡೆಗೊಂದು ತೂಬಿಟ್ಟ."