ಅಪ್ಪಣೆ ಕೇಳುವ ನೆಲ: ಬೆಳ್ನೆಲದ ಕ್ಷೇತ್ರಮಹಿಮೆ

ಗಿರಿಗಳಿಗೆ ಇನ್ನೂ ಹೆಸರಿಡದ, ನದಿಗಳು ತಮ್ಮ ಪಾತ್ರವನ್ನು ಇನ್ನೂ ನಿಶ್ಚಯಿಸಿಕೊಳ್ಳದ ಪೂರ್ವಕಲ್ಪವೊಂದರಲ್ಲಿ, ಕರಿಮಣ್ಣಿನ ಸಮೃದ್ಧ ಬಯಲಿನ ನಟ್ಟನಡುವೆ, ಹುಲ್ಲುಕಡ್ಡಿಯೂ ಹುಟ್ಟದ, ಹಕ್ಕಿಯೂ ಇಳಿಯದ, ದೂರದಿಂದ ನೋಡಿದವರಿಗೆ ಯಾರೋ ಸುಣ್ಣ ಚೆಲ್ಲಿ ಹೋದರೇನೋ ಎನಿಸುವ ಒಂದು ಚೌಳು ಭೂಮಿಯಿತ್ತು. ಶಾಸ್ತ್ರಕಾರರು ಇಂಥ ನೆಲವನ್ನು ಊಷರಕ್ಷೇತ್ರವೆಂದು ಕರೆದು, ಇಲ್ಲಿ ಬಿತ್ತಿದ ಬೀಜ ವ್ಯರ್ಥವೆಂದು ಬರೆದು ಕೈತೊಳೆದುಕೊಂಡರು. ವಿಮಾನಾರೂಢರಾಗಿ ಸಂಚರಿಸುವ ದೇವತೆಗಳು ಇತ್ತ ಕಣ್ಣು ಹಾಯಿಸುತ್ತಿರಲಿಲ್ಲ. ಊಟಕ್ಕೆ ಕುಳಿತಾಗ ಎಲೆಯ ಮೂಲೆಗೆ ಬಡಿಸುವ ಉಪ್ಪು ಎಲ್ಲಿಂದ ಬಂತೆಂದು ಅವರಲ್ಲಿ ಒಬ್ಬರೂ ವಿಚಾರಿಸಿದಂತೆ ಕಾಣುವುದಿಲ್ಲ.

ಆ ಉಪ್ಪು ಬರುತ್ತಿದ್ದುದು ಮಾಚವ್ವೆ ಎಂಬ ಉಪ್ಪಾರ ಹೆಂಗಸಿನ ಕೈಯಿಂದ. ಗಂಡನನ್ನು ಎಳೆಪ್ರಾಯದಲ್ಲೇ ಕಳೆದುಕೊಂಡು, ಮಕ್ಕಳಿಲ್ಲದೆ, ಚೌಳಿನ ಅಂಚಿನಲ್ಲೊಂದು ಗುಡಿಸಲು ಹಾಕಿಕೊಂಡಿದ್ದ ಈಕೆ, ನೆಲದ ಮೇಲೆ ಹೂವಿನಂತೆ ಅರಳಿದ ಬಿಳಿಯ ಮಣ್ಣನ್ನು ಕೆರೆದು ತಂದು, ತಳದಲ್ಲಿ ಹುಲ್ಲು ಹಾಸಿದ ಗುಣಿಗೆ ತುಂಬಿ, ನೀರೆರೆದು, ಕೆಳಗೆ ಒಸರುವ ರಸವನ್ನು ಗಡಿಗೆಯಲ್ಲಿ ಹಿಡಿದು, ಹಾಸುಬಂಡೆಯ ಮೇಲೆ ಬಿಸಿಲಿಗೆ ಹರಡಿ ಉಪ್ಪು ಕಟ್ಟಿಸುತ್ತಿದ್ದಳು. ಈ ಕೆಲಸದಲ್ಲಿ ಕೈಗಿಂತ ನಾಲಗೆಯೇ ದೊಡ್ಡದು. ರಸ ತೆಳುವಾದರೆ ಉಪ್ಪು ಕಟ್ಟದು, ಅತಿಯಾದರೆ ಕಹಿಯಾಗಿ ದನವೂ ಮೂಸದು. ಮಾಚವ್ವೆ ಬೆರಳದ್ದಿ ನಾಲಗೆಗೆ ಮುಟ್ಟಿಸಿ, ಕಣ್ಣು ಕಿರಿದು ಮಾಡಿ, 'ಆಯ್ತು' ಎಂದಳೆಂದರೆ ಸುತ್ತಲಿನ ಏಳು ಹಳ್ಳಿಯ ಅಡುಗೆಮನೆಗಳು ನಿಶ್ಚಿಂತೆಯಿಂದಿರುತ್ತಿದ್ದವು.

ಆಕೆಗೆ ಗುಡಿಯಿರಲಿಲ್ಲ, ಮೂರ್ತಿಯಿರಲಿಲ್ಲ, ಮಂತ್ರವೂ ಇರಲಿಲ್ಲ. ಅತ್ತೆಯಿಂದ ಕಲಿತ ಒಂದೇ ಒಂದು ಆಚಾರವಿತ್ತು. ದಿನಾಲೂ ಸೂರ್ಯೋದಯಕ್ಕೆ ಮೊದಲು ಬರಿಗಾಲಲ್ಲಿ ಚೌಳಿಗಿಳಿದು, ನಿನ್ನೆ ರಸ ಬಸಿದು ಸಪ್ಪೆಯಾದ ಮಣ್ಣಿನಲ್ಲಿ ಮೂರು ಹಿಡಿಯನ್ನು ನೆಲಕ್ಕೆ ಹಿಂದಿರುಗಿಸಿ, ಬಲ ಅಂಗೈಯನ್ನು ಭೂಮಿಗೆ ಊರಿ, 'ಅವ್ವಾ, ತಗೊಳ್ಳೇನು?' ಎಂದು ಕೇಳುವುದು, ಕೇಳಿ ಸುಮ್ಮನಿರುವುದು. ಕೈಯೆತ್ತಿದಾಗ ಅಂಗೈಗೆ ಬಿಳಿಯ ಹುಡಿ ಹತ್ತಿದ್ದರೆ ತಾಯಿ ಕೊಟ್ಟಳೆಂದು ಅರ್ಥ. ಅಂಗೈ ಒದ್ದೆಯಾಗಿದ್ದರೆ ಒಲ್ಲೆನೆಂದಳೆಂದು ಅರ್ಥ. ಒಲ್ಲೆನೆಂದ ದಿನ ಮಾಚವ್ವೆ ಬುಟ್ಟಿ ಬೋರಲು ಹಾಕಿ ಗುಡಿಸಲಿನ ಗೋಡೆ ಸಾರಿಸುತ್ತಲೋ ಹರಿದ ಕಂಬಳಿ ಹೊಲಿಯುತ್ತಲೋ ಕಾಲ ಕಳೆಯುತ್ತಿದ್ದಳೇ ಹೊರತು, ಇನ್ನೊಂದು ಕಡೆ ಕೈಯೂರಿ ನೋಡೋಣವೆಂದು ಯೋಚಿಸಿದವಳಲ್ಲ. ತೇವದ ದಿನ ಕೆರೆದ ಮಣ್ಣಿನಲ್ಲಿ ಉಪ್ಪಿರುವುದಿಲ್ಲ, ಇದರಲ್ಲಿ ಪವಾಡವೇನು ಎಂದು ಕೇಳುವ ಬುದ್ಧಿವಂತರು ಆಗಲೂ ಇದ್ದರು. ಮಾಚವ್ವೆ ಅವರೊಡನೆ ವಾದಕ್ಕೆ ಹೋಗುತ್ತಿರಲಿಲ್ಲ.

ಹೀಗಿರುತ್ತಿರಲು, ಉತ್ತರಾಯಣ ಪುಣ್ಯಕಾಲದ ಹಿಂದಿನ ದಿನ, ಹೊತ್ತು ಇಳಿಯುವ ಸಮಯಕ್ಕೆ, ಜಟಾವಲ್ಕಲಧಾರಿಯೂ ಅರಣಿಪಾಣಿಯೂ ಆದ ಸುಹುತನೆಂಬ ಮುನಿ ಆ ಬಯಲಿಗೆ ಬಂದನು. ಗುರುವಿನ ಆಜ್ಞೆಯಂತೆ ಅಗ್ನ್ಯಾಧಾನದ ದೀಕ್ಷೆ ತೊಟ್ಟು, ಹನ್ನೆರಡು ವರ್ಷ ಉಪ್ಪು ಮುಟ್ಟದೆ, ಯಜ್ಞವೇದಿಗೆ ಬೇಕಾದ ಮೃತ್ತಿಕೆಗಳನ್ನು ಒಂದೊಂದಾಗಿ ಸಂಗ್ರಹಿಸುತ್ತ ನಡೆದು ಬಂದವನಾತ. ನದಿಯ ಮರಳು, ಹುತ್ತದ ಮಣ್ಣು, ಇಲಿ ಕೆದರಿದ ಮಣ್ಣು, ವರಾಹ ಮೂತಿಯಿಂದ ಬಗೆದ ಮಣ್ಣು, ಎಲ್ಲವೂ ಆತನ ಜೋಳಿಗೆಯಲ್ಲಿದ್ದವು. ಉಳಿದದ್ದು ಊಷ, ಅಂದರೆ ಚೌಳಿನ ಮಣ್ಣು, ಒಂದೇ ಒಂದು ಹಿಡಿ. ಮರುದಿನ ಸೂರ್ಯನು ಉತ್ತರಕ್ಕೆ ತಿರುಗುವ ಉದಯಕಾಲದಲ್ಲಿ ಅಗ್ನಿ ಪ್ರತಿಷ್ಠೆಯಾಗಬೇಕು. ಆ ಗಳಿಗೆ ತಪ್ಪಿದರೆ ಹನ್ನೆರಡು ವರ್ಷದ ವ್ರತವೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ.

ಮಾಚವ್ವೆ ಮುನಿಗೆ ಕೈಕಾಲಿಗೆ ನೀರು ಕೊಟ್ಟು, ಬಂದ ಕಾರಣ ಕೇಳಿ, "ಒಂದು ಹಿಡಿ ಏನ್ ಮಹಾ ಬಿಡ್ರಿ ಸ್ವಾಮಿ, ಮುಂಜಾನೆ ಆಕಿನ್ನ ಕೇಳಿ ಕೊಡ್ತೀನಿ" ಎಂದಳು. ಮುನಿಯು ಆಕಿ ಎಂದರೆ ಯಾರೆಂದು ವಿಚಾರಿಸುವ ಗೋಜಿಗೆ ಹೋಗದೆ, ಕೂಗಳತೆಯ ದೂರದಲ್ಲಿದ್ದ ದಿಬ್ಬದ ಮೇಲೆ ವೇದಿ ಕಟ್ಟಿಕೊಂಡು, ಸಮಿತ್ತುಗಳನ್ನು ಜೋಡಿಸಿಟ್ಟು ಬೆಳಗಾಗುವುದನ್ನು ಕಾದನು.

ಮುಂಜಾವಿನಲ್ಲಿ ಮಾಚವ್ವೆ ಎಂದಿನಂತೆ ಚೌಳಿಗಿಳಿದು ಮೂರು ಹಿಡಿ ಹಿಂದಿರುಗಿಸಿ, ಅಂಗೈಯೂರಿ ಕೇಳಿದಳು. ಕೈಯೆತ್ತಿ ನೋಡಿದರೆ ಒದ್ದೆ.

"ಇವತ್ತ ಒಲ್ಲೆ ಅಂದಾಳ್ರಿ ಸ್ವಾಮಿ. ನಾಳೆ ಕೇಳೂಣು."

ಮುನಿಯು ಮೊದಲು ಇದನ್ನು ಹಳ್ಳಿಗಾಡಿನ ಹೆಂಗಸಿನ ತಮಾಷೆಯೆಂದುಕೊಂಡನು. ತಮಾಷೆಯಲ್ಲವೆಂದು ತಿಳಿದಾಗ ಆತನ ಮುಖ ಕೆಂಪಾಯಿತು. "ಎಲೌ ಹೆಣ್ಣೆ, ಇದು ಯಾರೂ ಬಯಸದ ನೆಲ. ಇದಕ್ಕೆ ಒಡೆಯರಿಲ್ಲ, ಬೇಲಿಯಿಲ್ಲ. ಊಷವನ್ನು ತರಬೇಕೆಂದು ಶಾಸ್ತ್ರ ಹೇಳುತ್ತದೆ, ಕೇಳಿ ತರಬೇಕೆಂದು ಎಲ್ಲಿಯೂ ಹೇಳಿಲ್ಲ."

"ಬರ್ದೋರು ಇಲ್ಲಿಗೆ ಬಂದಿರ್ಲಿಕ್ಕಿಲ್ರಿ" ಎಂದಳು ಮಾಚವ್ವೆ. "ನನ್ನ ಗಡಿಗ್ಯಾಗ ಕಟ್ಟಿದ ಉಪ್ಪೈತಿ, ಎಷ್ಟ ಬೇಕಾದ್ರೂ ಒಯ್ರಿ. ಇದನ್ನ ಮಾತ್ರ ನಾ ಕೊಡಾಕ ಬರೂದಿಲ್ಲ, ಆಕಿ ಬ್ಯಾಡ ಅಂದಮ್ಯಾಲೆ."

ಪೂರ್ವದಿಕ್ಕು ಬೆಳ್ಳಗಾಗುತ್ತಿತ್ತು. ಮುಹೂರ್ತ ಕೈಜಾರುತ್ತಿರುವುದನ್ನು ಕಂಡ ಮುನಿ, ತಪಸ್ವಿಗಳಿಗೆ ಸಿಟ್ಟು ಬಂದಾಗ ಹೊಳೆಯುವ ಒಂದೇ ಉಪಾಯವನ್ನು ಹಿಡಿದನು. ಕೊಡದಿದ್ದರೆ, ಯಾವ ನಾಲಗೆಯಿಂದ ಇಲ್ಲವೆಂದೆಯೋ ಆ ನಾಲಗೆಗೆ ಉಪ್ಪಿನ ರುಚಿ ತಿಳಿಯದೆ ಹೋಗಲಿ ಎಂದು ಕಮಂಡಲುವಿನ ನೀರನ್ನು ಕೈಗೆ ಸುರಿದುಕೊಂಡು ನಿಂತನು.

ಮಾಚವ್ವೆ ಹೆದರಿದಳು. ಹೆದರಲಿಲ್ಲವೆಂದು ಬರೆದರೆ ಸುಳ್ಳು ಬರೆದಂತಾಗುತ್ತದೆ. ಆಕೆಗೆ ಹೊಲವಿರಲಿಲ್ಲ, ದನವಿರಲಿಲ್ಲ. ನಾಲಗೆ ಹೋದರೆ ಕಸುಬು ಹೋಯಿತು, ಕಸುಬು ಹೋದರೆ ಅನ್ನ ಹೋಯಿತು. ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು, ಈಗ ಕೊಟ್ಟಳು ನೋಡ್ರಿ ಎಂದುಬಿಟ್ಟರೆ ಕೇಳುವವರು ಯಾರೂ ಇರಲಿಲ್ಲ. ನೆಲವಂತೂ ಎದ್ದು ಬಂದು ಜಗಳವಾಡುವುದಿಲ್ಲ. ಇಷ್ಟೆಲ್ಲವೂ ಆಕೆಯ ಮನಸ್ಸಿನಲ್ಲಿ ಹಾದುಹೋಯಿತು. ಆದರೆ ಬೇಡವೆಂದದ್ದನ್ನು ಒಂದು ಸಲ ಬೇಕೆಂದು ತಿರುಚಿದರೆ, ನಾಳೆಯಿಂದ ಕೈಯೂರಿ ಕೇಳುವುದಕ್ಕೆ ತನಗೆ ಯಾವ ಮುಖವಿರುತ್ತದೆಂದು ಆಕೆಗೆ ತಿಳಿಯದಾಯಿತು. ಗಂಡ ಹೋದ ಮೇಲೆ ದಿನಕ್ಕೊಂದು ಮಾತು ಆಡಲು ಆಕೆಗಿದ್ದ ಜೀವ ಅದೊಂದೇ. "ಒಲ್ಲೆ ಅಂದಾಳ್ರಿ" ಎಂದು ಮತ್ತೊಮ್ಮೆ ಹೇಳಿ ಕಣ್ಣು ಮುಚ್ಚಿಕೊಂಡು ನಿಂತಳು.

ಮುನಿಯು ಶಪಿಸಿದನು. ಶಪಿಸಿ, ತಾನೇ ಬಾಗಿ ಹಿಡಿಮಣ್ಣನ್ನು ಕಿತ್ತುಕೊಂಡು ದಿಬ್ಬಕ್ಕೆ ಧಾವಿಸಿ, ಅದನ್ನು ವೇದಿಯಲ್ಲಿ ಹರಡಿ, ಸಮಂತ್ರಕವಾಗಿ ಅರಣಿಯನ್ನು ಮಥಿಸತೊಡಗಿದನು. ಕಿಡಿ ಹುಟ್ಟಲಿಲ್ಲ. ತೋಳು ಸೋಲುವವರೆಗೆ ಮಥಿಸಿದರೂ ಹುಟ್ಟಲಿಲ್ಲ. ಬಗ್ಗಿ ನೋಡಿದರೆ, ಆ ಒಂದು ಹಿಡಿ ಮಣ್ಣಿನಿಂದ ನೀರು ಒಸರಿ ಒಸರಿ, ಹುತ್ತದ ಮಣ್ಣನ್ನೂ ಮರಳನ್ನೂ ಕದಡಿ, ಸಮಿತ್ತುಗಳನ್ನು ತೋಯಿಸಿ, ದಿಬ್ಬದ ಇಳಿಜಾರಿನಲ್ಲಿ ಕಾಲುವೆಯಾಗಿ ಹರಿಯುತ್ತಿತ್ತು. ಅಷ್ಟರಲ್ಲಿ ಸೂರ್ಯನು ಬಯಲಿನ ಅಂಚಿನಿಂದ ಒಂದಾಳೆತ್ತರಕ್ಕೆ ಏರಿಬಿಟ್ಟಿದ್ದನು. ಹನ್ನೆರಡು ವರ್ಷ ಮುಗಿದಿತ್ತು, ಏನೂ ಆಗಿರಲಿಲ್ಲ. ಮುನಿಯು ಒದ್ದೆ ವೇದಿಯ ಪಕ್ಕದಲ್ಲಿ ಆ ದಿನವೆಲ್ಲ ಕುಳಿತೇ ಇದ್ದನು.

ಇತ್ತ ಮಾಚವ್ವೆ ಗಡಿಗೆಯ ರಸಕ್ಕೆ ಬೆರಳದ್ದಿ ನಾಲಗೆಗೆ ಮುಟ್ಟಿಸಿದಳು. ಬಾವಿಯ ನೀರಿಗೂ ಅದಕ್ಕೂ ವ್ಯತ್ಯಾಸ ತಿಳಿಯಲಿಲ್ಲ. ಉಪ್ಪಿನ ಹರಳೊಂದನ್ನು ಬಾಯಿಗೆ ಹಾಕಿಕೊಂಡಳು, ಬೆಣಚುಕಲ್ಲು ಕಡಿದಂತಾಯಿತು. ಗುಡಿಸಲಿನ ಒಳಗೆ ಹೋಗಿ, ಮಧ್ಯಾಹ್ನದವರೆಗೆ ಅತ್ತಳು.

ಆದರೂ ಮರುದಿನ ಬೆಳಗಾಗುವಾಗ ಆಕೆ ಮೂರು ಹಿಡಿ ಸಪ್ಪೆಮಣ್ಣು ಹಿಡಿದು ಚೌಳಿಗಿಳಿದದ್ದನ್ನು ಮುನಿಯು ದಿಬ್ಬದ ಮೇಲಿಂದ ನೋಡಿದನು. ಹದ ನೋಡಲು ನಾಲಗೆಯಿಲ್ಲದವಳಿಗೆ ಮಣ್ಣಿನಿಂದ ಪ್ರಯೋಜನವಿರಲಿಲ್ಲ. ಆದರೂ ಆಕೆ ಅಂಗೈಯೂರಿ ಕೇಳಿದಳು, ಸುಮ್ಮನಿದ್ದಳು, ಕೈಯೆತ್ತಿ ನೋಡಿದಳು. ಬಳಿಕ ಒಂದು ಹಿಡಿ ಕೆರೆದುಕೊಂಡು ನೆಟ್ಟಗೆ ದಿಬ್ಬ ಹತ್ತಿ ಬಂದು, "ತಗೋರಿ ಸ್ವಾಮಿ, ಇವತ್ತ ಕೊಟ್ಟಾಳ" ಎಂದು ಆತನ ಮುಂದಿಟ್ಟಳು.

ಮುನಿಗೆ ಆ ಮಣ್ಣನ್ನು ಮುಟ್ಟುವ ಧೈರ್ಯ ಬರಲಿಲ್ಲ. ಬಾಯಿಂದ ಹೊರಟ ಶಾಪವನ್ನು ಹಿಂತೆಗೆಯುವ ಶಕ್ತಿ ಶಪಿಸಿದವನಿಗೇ ಇರುವುದಿಲ್ಲ; ಪುರಾಣಗಳಲ್ಲಿ ಇದೊಂದು ದೊಡ್ಡ ಕೊರತೆ. "ತಾಯಿ, ನಾನು ಕೆಟ್ಟೆ, ನಿನ್ನನ್ನೂ ಕೆಡಿಸಿದೆ. ಕೊಟ್ಟ ಶಾಪ ತಿರುಗಿ ಬಾರದು" ಎಂದನು.

"ಅದಿರ್ಲಿ, ನನ್ನ ರಸ ಇನ್ನ ಯಾರು ನೋಡೋರು? ಏಳು ಊರು ಸಪ್ಪೆ ಉಣ್ಣಬೇಕಾಕ್ಕತಿ" ಎಂದಳಾಕೆ.

ಸುಹುತಮುನಿಯು ಎದ್ದು, ಆಕೆಯ ಹಿಂದೆ ದಿಬ್ಬವಿಳಿದು, ಗಡಿಗೆಯ ಮುಂದೆ ಕುಳಿತು, ದೀಕ್ಷಿತನಾದವನು ಮುಟ್ಟಬಾರದ ಆ ರಸಕ್ಕೆ ಬೆರಳದ್ದಿ ಬಾಯಿಗಿಟ್ಟುಕೊಂಡನು. ಹನ್ನೆರಡು ವರ್ಷದ ಮೇಲೆ ನಾಲಗೆಗೆ ತಾಗಿದ ಉಪ್ಪಿಗೆ ಆತನ ಕಣ್ಣಲ್ಲಿ ನೀರು ಬಂತು. "ಉಪ್ಪಾಗಿದೆ" ಎಂದನು.

"ಉಪ್ಪು ಅಂತ ನಂಗೂ ಗೊತ್ತೈತ್ರಿ" ಎಂದು ಮಾಚವ್ವೆ ಎರಡು ದಿನದಲ್ಲಿ ಮೊದಲ ಸಲ ನಕ್ಕಳು. "ಹದ ಆಗೇತೇನು ಅಂತ ಕೇಳಿದ್ದು."

ವೇದವೇದಾಂಗಪಾರಂಗತನಿಗೆ ಹದ ಗೊತ್ತಿರಲಿಲ್ಲ. ಆಕೆಯೇ ಕಲಿಸಿದಳು: ನಾಲಗೆಯ ತುದಿಗೆ ಚುರುಕೆಂದರೆ ಸಾಲದು, ಅಂಚಿಗೆ ಹರಿದರೆ ಹದ, ಬುಡಕ್ಕೆ ಕಹಿ ತಟ್ಟಿದರೆ ಕೆಟ್ಟಿತು. ಮುನಿಯು ಹೇಳಿದ, ಆಕೆ ನಂಬಿದಳು, ಮೊದಮೊದಲು ಉಪ್ಪು ಕಹಿಯಾಗಿ ಏಳು ಹಳ್ಳಿಯವರೂ ಬೈದರು, ಕ್ರಮೇಣ ಸರಿಹೋಯಿತು. ನೆಲವನ್ನು ಕೇಳುವುದನ್ನೂ ಆತ ಕಲಿಯಲು ಕುಳಿತನು. ಅಂಗೈಯೂರಿದೊಡನೆ ಆತನ ಬಾಯಿಂದ ಭೂಸೂಕ್ತ ತಾನಾಗಿ ಹೊರಡುತ್ತಿತ್ತು. "ಕೇಳಿದ್ಮ್ಯಾಲೆ ಬಾಯಿ ಮುಚ್ರಿ. ಆಕಿಗೂ ಒಂದೀಟು ಮಾತಾಡಾಕ ಬಿಡ್ರಿ" ಎಂದು ಮಾಚವ್ವೆ ತಿದ್ದುತ್ತಿದ್ದಳು. ದಿನವೂ ಆತನ ಕೈ ಒದ್ದೆಯಾಗಿಯೇ ಬರುತ್ತಿತ್ತು. ಅದೇ ಜಾಗದಲ್ಲಿ ಆಕೆಯ ಕೈ ಬೆಳ್ಳಗಿರುತ್ತಿತ್ತು.

ನಲವತ್ತೆಂಟನೆಯ ದಿನ, ಪಂಚಾಂಗ ನೋಡುವವರು ಹೊರಗೆ ಹೊರಡಲೂ ಹಿಂಜರಿಯುವ ಒಂದು ಸಾಮಾನ್ಯ ಅಷ್ಟಮಿಯಂದು, ಮುನಿಯು ಏನನ್ನೂ ಬೇಡದೆ ಸುಮ್ಮನೆ ಕೈಯೂರಿ ಕುಳಿತಿದ್ದು, ಎತ್ತಿ ನೋಡಿದಾಗ ಅಂಗೈ ತುಂಬ ಬಿಳಿಯ ಹುಡಿ ಹತ್ತಿತ್ತು. ಆಗ ಆ ಚೌಳಿನ ಗರ್ಭದಿಂದ, ಗುಡುಗೂ ಅಲ್ಲದ ಗಾಳಿಯೂ ಅಲ್ಲದ ಗಂಭೀರ ನಾದದಲ್ಲಿ, ಸರ್ವಂಸಹೆಯಾದ ಭೂದೇವಿಯ ವಾಣಿಯು ಇಂತೆಂದಿತು:

"ವತ್ಸ, ಸಹಿಸುವಳೆಂದು ಎಲ್ಲರೂ ನನ್ನನ್ನು ಹೊಗಳುವರು, ಒಲ್ಲೆನೆಂದರೆ ಯಾರೂ ಕೇಳಿಸಿಕೊಳ್ಳರು. ನನ್ನ ನಿರಾಕರಣವನ್ನು ತಲೆಬಾಗಿ ಒಪ್ಪಿ, ಅದಕ್ಕಾಗಿ ತನ್ನ ಅನ್ನದ ನಾಲಗೆಯನ್ನೇ ತೆತ್ತ ಈಕೆಯಿಂದ ನಾನು ಪೂಜಿತಳಾದೆನು. ಶಾಪವು ಉಳಿಯಲಿ, ಶಪಿಸಿದವನು ಈಕೆಯ ನಾಲಗೆಯಾಗಿ ಬಾಳಲಿ. ಇಲ್ಲಿ ನನಗೆ ಗುಡಿ ಬೇಡ, ಗೋಪುರ ಬೇಡ. ಕೇಳಿ ಕಾಯುವವರಿದ್ದರೆ ಸಾಕು."

ಅಂದು ದೊರೆತ ಒಂದು ಹಿಡಿ ಊಷವನ್ನು ದಿಬ್ಬದ ವೇದಿಗೆ ಹಾಕಿ ಮಥಿಸಲು, ಅರಣಿಯು ಮೊದಲ ಸುತ್ತಿಗೇ ಹೊತ್ತಿಕೊಂಡಿತು.

ಮಾಚವ್ವೆ ಮುಪ್ಪಿನವರೆಗೆ ಬಾಳಿದಳು. ಮತ್ತೆಂದೂ ಆಕೆಗೆ ಉಪ್ಪಿನ ರುಚಿ ತಿಳಿಯಲಿಲ್ಲ. ಆಕೆ ಮಣ್ಣಾದ ಜಾಗದಲ್ಲಿ ಮುನಿಯು ಒಂದು ಕಾಡುಗಲ್ಲನ್ನು ನಿಲ್ಲಿಸಿ, ತಾನೂ ಸಾಯುವವರೆಗೆ ಅಲ್ಲಿಯೇ ಉಪ್ಪು ಕಟ್ಟಿಸುತ್ತ ಉಳಿದನೆಂದು ಹಿರಿಯರು ಹೇಳುತ್ತಾರೆ.

ಬೆಳ್ನೆಲಕ್ಕೆ ಬರುವ ಯಾತ್ರಿಕರು ಆ ಕಲ್ಲನ್ನೂ, ರಸ ಹರಡುತ್ತಿದ್ದ ಹಾಸುಬಂಡೆಯನ್ನೂ, ದಿಬ್ಬದಿಂದ ಇಂದಿಗೂ ಒಸರುವ ನೀರಿನ ಜಾಡನ್ನೂ ಕಾಣಬಹುದು. ಉತ್ತರಾಯಣದ ಮುಂಜಾನೆ ಉಪ್ಪಾರ ಮನೆತನದ ಹಿರಿಯ ಹೆಂಗಸು ಚೌಳಿಗೆ ಅಂಗೈಯೂರಿ ಕೇಳಿದ ಮೇಲೆಯೇ ಉತ್ಸವ. ಕೈ ಒದ್ದೆಯಾಗಿ ಬಂದರೆ ಆ ವರ್ಷ ಉತ್ಸವವಿಲ್ಲ. ಗಾಡಿ ಕಟ್ಟಿಕೊಂಡು ದೂರದಿಂದ ಬಂದವರು ತಂದ ಬುತ್ತಿ ಬಿಚ್ಚಿ ಉಂಡು ಊರಿಗೆ ಮರಳುತ್ತಾರೆ, ಬಂದದ್ದು ವ್ಯರ್ಥವಾಯಿತೆಂದು ಯಾರೂ ಗೊಣಗುವುದಿಲ್ಲ. ನಿತ್ಯಪೂಜೆಯಲ್ಲಿ ಆರತಿಯೂ ಇಲ್ಲ, ಅಭಿಷೇಕವೂ ಇಲ್ಲ. ಸುಹುತಮುನಿಯ ಪರಂಪರೆಯ ಅರ್ಚಕರು ಮಧ್ಯಾಹ್ನ ಎಲೆಯಲ್ಲಿ ಅನ್ನ, ಸಾರು ತಂದು ಕಲ್ಲಿನ ಮುಂದಿಟ್ಟು, ಅದರಲ್ಲೊಂದು ತುತ್ತನ್ನು ತಾವು ಬಾಯಿಗಿಟ್ಟುಕೊಂಡು, ಅಗಿದು ನುಂಗಿ, ಕಲ್ಲಿನ ಹತ್ತಿರಕ್ಕೆ ಬಾಗಿ ಹೇಳುತ್ತಾರೆ: "ಉಪ್ಪು ಹದವಾಗಿದೆ, ತಾಯಿ. ಉಣ್ಣು."