ಹಲ್ಲಿಯ ಬಾಲದ ರಿಪೋರ್ಟು

ಗೂಬೆ ಡಾಕ್ಟರು ಸ್ಕ್ಯಾನಿಂಗ್ ಸೆಂಟರ್ ಇಟ್ಟಿದ್ದರು. ಹಳೆಯ ರಿಪೋರ್ಟಿಗೆ ಹೊಸ ಹೆಸರು ಹಾಕಿ, ಕಣ್ಣು ಮುಚ್ಚಿಕೊಂಡೇ ಸಹಿ ಮಾಡುವುದು ಅವರ ಪದ್ಧತಿ. ಬೆಕ್ಕಿನ ಬಾಯಲ್ಲಿ ಬಾಲ ಕಳೆದುಕೊಂಡಿದ್ದ ಹಲ್ಲಿ, ತನ್ನ ರಿಪೋರ್ಟು ಓದಿ ಅವರ ಕೋಣೆಗೆ ನುಗ್ಗಿತು.

“ಡಾಕ್ಟ್ರೇ, ಬಾಲ ನಾರ್ಮಲ್ ಅಂತ ಬರೆದಿದ್ದೀರಿ. ನನಗೆ ಬಾಲವೇ ಇಲ್ಲ.”

“ಹಲ್ಲಿ ಅಂದಮೇಲೆ ಬಾಲ ಇರಲೇಬೇಕು. ಸಹಿ ಆಗಿಹೋಗಿದೆ, ಇನ್ನು ತಿದ್ದೋಕಾಗಲ್ಲ. ಬಾಲ ಸಿಕ್ಕರೆ ತನ್ನಿ, ಇನ್ನೊಮ್ಮೆ ನೋಡೋಣ,” ಎಂದರು ಗೂಬೆ ಡಾಕ್ಟರು, ಕಣ್ಣು ತೆರೆಯದೆ.

ಹೊರಗೆ ಬೆಂಚಿನ ಮೇಲೆ ಮೊಲವೊಂದು ಕರವಸ್ತ್ರಕ್ಕೆ ರಕ್ತ ಕೆಮ್ಮುತ್ತಲೇ ನಗುತ್ತಿತ್ತು. “ಸದ್ಯ, ಬದುಕಿದೆ ಹಲ್ಲಿಯಪ್ಪ. ಶ್ವಾಸಕೋಶ ನಾರ್ಮಲ್ ಅಂತ ಬರೆದುಕೊಟ್ಟಿದ್ದಾರೆ.”

ಹಲ್ಲಿ ತನ್ನ ರಿಪೋರ್ಟನ್ನು ಮೊಲದ ಕೈಗಿಟ್ಟು, ಸುಮ್ಮನೆ ತಿರುಗಿ ಹಿಂಭಾಗ ತೋರಿಸಿತು.

ಮೊಲದ ನಗು ನಿಂತಿತು. ಕೆಮ್ಮು ನಿಲ್ಲಲಿಲ್ಲ.