ಬರ್ತೀನಿ ಎನ್ನದೆ ಹೋದವರು

ಆಂಬುಲೆನ್ಸ್ ಕೇಂದ್ರದ ಸರ್ವರ್ ತನ್ನನ್ನು ಕರೆದ ಪ್ರತಿ ಫೋನಿಗೂ ಒಂದು ಕುರ್ಚಿ ಕೊಡುತ್ತಿತ್ತು. ಮಾತು ಮುಗಿಸಿದ ಫೋನು "ಬರ್ತೀನಿ" ಎಂದು ಎದ್ದ ಮೇಲೆಯೇ ಆ ಕುರ್ಚಿ ಇನ್ನೊಂದಕ್ಕೆ. ಒಂದು ಸಂಜೆ ಕುರ್ಚಿಗಳೆಲ್ಲ ತುಂಬಿದ್ದಾಗ ಬಿರುಗಾಳಿಗೆ ಊರಿನ ಮೊಬೈಲ್ ಟವರ್ ಉರುಳಿತು. ಕೂತಿದ್ದ ಫೋನುಗಳೆಲ್ಲ ಮಾತಿನ ನಡುವೆಯೇ ಸುಮ್ಮನಾದವು.

"ಒಮ್ಮೆ ಕೂಗಿ ನೋಡು. ಓಗೊಡದಿದ್ದರೆ ಕುರ್ಚಿ ತೆರವು ಮಾಡು," ಎಂದಿತು ಗೋಡೆ ಗಡಿಯಾರ.

"ಬರ್ತೀನಿ ಎನ್ನದೆ ಯಾರೂ ಎದ್ದು ಹೋಗುವುದಿಲ್ಲ. ಕೂತವರನ್ನು ಇದ್ದೀರಾ ಎಂದು ಕೇಳುವುದು ಅವಮಾನ," ಎಂದಿತು ಸರ್ವರ್.

ಅಷ್ಟರಲ್ಲಿ ಬೇರೆ ಊರಿನ ಫೋನೊಂದು ಬಾಗಿಲು ಬಡಿಯಿತು. "ನಮ್ಮ ಯಜಮಾನರಿಗೆ ಎದೆನೋವು. ಒಳಗೆ ಬಿಡಿ."

"ಜಾಗವಿಲ್ಲ. ಕಾಯಿರಿ."

ಸ್ವಲ್ಪ ಹೊತ್ತಿಗೆ ಬಡಿತ ನಿಂತಿತು. ಸರ್ವರ್ ಹೆದರಿ ಕುರ್ಚಿಗಳತ್ತ ಕೂಗಿತು. ಒಂದೂ ಓಗೊಡಲಿಲ್ಲ. ಬಾಗಿಲತ್ತ ಕೂಗಿತು.

ಅಲ್ಲಿಂದಲೂ ಒಬ್ಬರು ಬರ್ತೀನಿ ಎನ್ನದೆ ಹೋಗಿಬಿಟ್ಟಿದ್ದರು.